ಕಾಡಿನಲ್ಲಿ ಗುರುತು ಹಿಡಿಯುವ ವಿದ್ಯೆ

ಕಾಡನ್ನು ನೋಡಲು ಹೋದವರ ಬಾಯಿಂದ ಮೊದಲು ಹೊರಡುವ ಪ್ರಶ್ನೆ ‘ಇದರ ಹೆಸರೇನು?’ ಎಂಬುದು. ಪ್ರಶ್ನೆ ಸಹಜವಾದುದು, ಯೋಗ್ಯವಾದುದು ಕೂಡ. ಹೆಸರೊಂದು ತಿಳಿಯಿತೆಂದರೆ ಆ ಗಿಡವನ್ನೋ ಹಕ್ಕಿಯನ್ನೋ ಕುರಿತು ಹಿಂದಿನವರು ಕಂಡು ಬರೆದಿಟ್ಟಿರುವ ಸಂಗತಿಗಳೆಲ್ಲ ನಮ್ಮ ಕೈಗೆ ಬರುತ್ತವೆ. ಹೆಸರು ತಪ್ಪಿತೆಂದರೆ ಬೇರೊಂದು ಜೀವಿಯ ಚರಿತ್ರೆಯನ್ನು ಇದರ ತಲೆಗೆ ಕಟ್ಟಿದಂತಾಗುತ್ತದೆ. ಈಗಂತೂ ಈ ಪ್ರಶ್ನೆಯನ್ನು ಊರಿನ ಹಿರಿಯರಲ್ಲಿ ಕೇಳಬೇಕಾದ ಅಗತ್ಯವೂ ಉಳಿದಿಲ್ಲ. ಮೊಬೈಲ್ ಫೋನನ್ನು ಎಲೆಯೊಂದರ ಮುಂದೆ ಹಿಡಿದರೆ ಎರಡು ಕ್ಷಣದಲ್ಲಿ ಲ್ಯಾಟಿನ್ ನಾಮಧೇಯವೊಂದು ಪರದೆಯ ಮೇಲೆ ಮೂಡುತ್ತದೆ. ವಿದ್ಯಾರ್ಥಿ ಅದನ್ನು ಬರೆದುಕೊಂಡು ಮುಂದಿನ ಗಿಡಕ್ಕೆ ಹೋಗುತ್ತಾನೆ.

ಹೀಗೆ ಮೂಡಿದ ಹೆಸರನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದೇ ಈ ಲೇಖನದ ವಿಷಯ. ಬರೆಯುತ್ತಿರುವವನು ಸಸ್ಯಶಾಸ್ತ್ರಜ್ಞನಲ್ಲ, ಪ್ರಾಣಿಶಾಸ್ತ್ರಜ್ಞನೂ ಅಲ್ಲ. ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವವನು. ಇದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ಆದರೆ ಉತ್ತರ ಕನ್ನಡ ಜಿಲ್ಲೆಯು 1862ರಿಂದ 1956ರವರೆಗೆ ಮುಂಬಯಿಗೆ ಸೇರಿದ್ದಾಗ ಅಲ್ಲಿಯ ಸಸ್ಯಗಳನ್ನು ಒಳಗೊಂಡಂತೆ ಆ ಪ್ರಾಂತದ ಸಸ್ಯಸಂಪತ್ತನ್ನು ವರ್ಣಿಸಿದ ಥಿಯೊಡೋರ್ ಕುಕ್ ವೃತ್ತಿಯಿಂದ ಇಂಜಿನಿಯರು, ಪುಣೆಯ ವಿಜ್ಞಾನ ಕಾಲೇಜಿನ ಪ್ರಾಂಶುಪಾಲರು. 1901ರಿಂದ 1908ರವರೆಗೆ ಭಾಗಭಾಗವಾಗಿ ಹೊರಬಂದ ಅವರ ಗ್ರಂಥವೂ, ಅರಣ್ಯಾಧಿಕಾರಿ ಟಾಲ್ಬಟ್ಟರು 1909 ಮತ್ತು 1911ರಲ್ಲಿ ಪ್ರಕಟಿಸಿದ ಗ್ರಂಥವೂ ಇಂದಿಗೂ ಬಳಕೆಯಲ್ಲಿವೆ. ಹೊರಗಿನವರು ಈ ವಿದ್ಯೆಯ ಅಂಗಳಕ್ಕೆ ಕಾಲಿಟ್ಟಿರುವುದು ಹೊಸದೇನಲ್ಲ. ಅದಲ್ಲದೆ ನಾನು ಹೇಳಬೇಕೆಂದಿರುವುದು ಗಿಡಮರಗಳನ್ನು ಕುರಿತ ಹೊಸ ಸಂಗತಿಯನ್ನಲ್ಲ. ಅಳತೆಯ ವಿಷಯದಲ್ಲಿ ಭೌತವಿಜ್ಞಾನಿಗಳು ಬಹಳ ಹಿಂದೆಯೇ ಕಲಿತ ಒಂದು ಶಿಸ್ತನ್ನು.

ಮಿಲಿಮೀಟರುಗಳ ಗೆರೆಯುಳ್ಳ ಸಾಮಾನ್ಯ ಅಳತೆಪಟ್ಟಿಯಿಂದ ಮೇಜನ್ನು ಅಳೆದ ವಿದ್ಯಾರ್ಥಿಯು ಅದರ ಉದ್ದ 121.4378 ಸೆಂಟಿಮೀಟರ್ ಎಂದು ಬರೆದರೆ ನಾವು ಅವನ ಲೆಕ್ಕದ ಕೆಳಗೆ ಕೆಂಪು ಗೆರೆ ಎಳೆಯುತ್ತೇವೆ. ಕೊನೆಯ ಮೂರು ಅಂಕಿಗಳು ಮೇಜಿನಿಂದ ಬಂದುವಲ್ಲ, ಪಟ್ಟಿಯಿಂದಲೂ ಬಂದುವಲ್ಲ. ಅವು ವಿದ್ಯಾರ್ಥಿಯ ಉದಾರತೆಯಿಂದ ಬಂದುವು. ಉಪಕರಣವು ಎಷ್ಟು ಅಂಕಿಗಳಿಗೆ ಆಧಾರ ಕೊಡಬಲ್ಲುದೋ ಅಷ್ಟನ್ನೇ ಬರೆಯಬೇಕು. ಇವಕ್ಕೆ ಸಾರ್ಥಕ ಅಂಕಿಗಳೆಂದು ಹೆಸರು. ಜೀವಿಗಳ ನಾಮಕರಣದಲ್ಲಿಯೂ ಇಂಥ ಸ್ಥಾನಗಳಿವೆ. ಕುಟುಂಬವನ್ನು ಹೇಳುವುದು ಮೊದಲನೆಯ ಅಂಕಿ, ಕುಲವನ್ನು ಹೇಳುವುದು ಎರಡನೆಯದು, ಪ್ರಭೇದವನ್ನು ಹೇಳುವುದು ಮೂರನೆಯದು. ಕಂಡ ಲಕ್ಷಣಗಳು ಕುಲದವರೆಗೆ ಮಾತ್ರ ಕರೆದೊಯ್ಯುವುದಾದರೆ ಅಲ್ಲಿಯೇ ನಿಲ್ಲುವುದು ಸೋಲಲ್ಲ, ಸರಿಯಾದ ಉತ್ತರ. ಇಂದು ಕಾಡಿಗೆ ಹೋಗಿ ಬರುವ ನಮ್ಮ ವಿದ್ಯಾರ್ಥಿಗಳ ಪಟ್ಟಿಗಳನ್ನು ನೋಡಿದರೆ ಎಲ್ಲ ಜೀವಿಗಳಿಗೂ ಮೂರು ಅಂಕಿಗಳಿರುತ್ತವೆ. ನನ್ನ ತಕರಾರು ಇರುವುದು ಇಲ್ಲಿಯೇ.

ಉತ್ತರ ಕನ್ನಡದ ಕರಾವಳಿಯನ್ನೂ ಅದರ ಬೆನ್ನಿಗೆ ಗೋಡೆಯಂತೆ ನಿಂತಿರುವ ಘಟ್ಟದ ಕಾಡನ್ನೂ ಉದಾಹರಣೆಗೆ ತೆಗೆದುಕೊಳ್ಳೋಣ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳು ಕಡಲಿಗಿಳಿಯುವ ಈ ಭಾಗದಲ್ಲಿ ಮರಗಳಿಗೆ ಹೆಸರುಗಳ ಕೊರತೆಯಿಲ್ಲ. ಕೊರತೆಯಿರುವುದು ಒಂದು ಹೆಸರಿಗೆ ಒಂದೇ ಮರವೆಂಬ ಕಟ್ಟುಪಾಡಿಗೆ. ‘ಹೊನ್ನೆ’ ಎಂದರೆ ಯಾವ ಮರ? ಕಡಲತೀರದವರಲ್ಲಿ ಕೇಳಿದರೆ ಹಿಂದೆ ದೀಪಕ್ಕೆ ಎಣ್ಣೆ ಕೊಡುತ್ತಿದ್ದ ಮರವನ್ನು ತೋರಿಸುತ್ತಾರೆ. ದಪ್ಪನಾದ, ಹೊಳೆಯುವ ಎಲೆ. ನಡುನರದಿಂದ ಅಂಚಿನವರೆಗೆ ಬಾಚಣಿಗೆಯ ಹಲ್ಲುಗಳಂತೆ ಒತ್ತೊತ್ತಾಗಿ ಸಮಾನಾಂತರದಲ್ಲಿ ಸಾಗುವ ಸೂಕ್ಷ್ಮ ನರಗಳು. ಬಿಳಿಯ ಹೂ, ಗುಂಡನೆಯ ಕಾಯಿ. ಇದು ಕ್ಯಾಲೊಫಿಲಮ್ ಐನೊಫಿಲಮ್, ಸುರಹೊನ್ನೆಯೆಂದೂ ಪ್ರಸಿದ್ಧ. ಘಟ್ಟ ಹತ್ತಿ ಒಳನಾಡಿಗೆ ಹೋಗಿ ಅದೇ ಪ್ರಶ್ನೆಯನ್ನು ಕೇಳಿದರೆ ಸಂಯುಕ್ತ ಪರ್ಣಗಳ, ಹಳದಿ ಹೂವಿನ, ಸುತ್ತಲೂ ರೆಕ್ಕೆಯುಳ್ಳ ಚಪ್ಪಟೆ ಕಾಯಿಯ ಬೇರೊಂದು ಮರ ಎದುರಾಗುತ್ತದೆ. ಅದರ ತೊಗಟೆಯನ್ನು ಕೆತ್ತಿದರೆ ರಕ್ತದಂಥ ಅಂಟು ಒಸರುತ್ತದೆ. ಅದರ ಕಟ್ಟಿಗೆಯಿಂದ ಮಾಡಿದ ಲೋಟದಲ್ಲಿ ನೀರಿಟ್ಟರೆ ನೀರು ಕಂದುಬಣ್ಣಕ್ಕೆ ತಿರುಗಿ, ಬಿಸಿಲಿಗೆ ಹಿಡಿದಾಗ ನೀಲಿಯಾಗಿ ಮಿನುಗುತ್ತದೆ. (ಪ್ರತಿದೀಪ್ತಿಯನ್ನು ತೋರಿಸಲು ಇದಕ್ಕಿಂತ ಅಗ್ಗದ ಸಾಧನ ಪ್ರಯೋಗಶಾಲೆಯಲ್ಲಿಲ್ಲ.) ಇದು ಟೆರೊಕಾರ್ಪಸ್ ಮಾರ್ಸೂಪಿಯಮ್. ಎರಡಕ್ಕೂ ಕುಟುಂಬವೇ ಬೇರೆ. ಒಂದೇ ಹೆಸರಿನ ಮೇಲೆ ಭಾರ ಹಾಕಿದವನು ಮೊದಲನೆಯ ಅಂಕಿಯಲ್ಲಿಯೇ ತಪ್ಪುತ್ತಾನೆ.

ಇದರಿಂದ ದೇಶೀಯ ನಾಮಗಳು ನಿಷ್ಪ್ರಯೋಜಕವೆಂದು ಯಾರೂ ಭಾವಿಸಬಾರದು. ಸ್ಥಳದ ಹೆಸರಿನೊಡನೆ ಬರೆದಿಟ್ಟ ದೇಶೀಯ ನಾಮವು ಅಮೂಲ್ಯವಾದ ಸಾಕ್ಷ್ಯ. ಹೊಲಿಗಾರ್ನ ಎಂಬ ಶಾಸ್ತ್ರೀಯ ಕುಲನಾಮವನ್ನು ಒಮ್ಮೆ ಗಟ್ಟಿಯಾಗಿ ಉಚ್ಚರಿಸಿ ನೋಡಿ. ನಮ್ಮ ‘ಹೊಳಗೇರು’ ಅದರೊಳಗೆ ಕೇಳಿಸುತ್ತದೆ. ಈ ಮರದ ಸೊನೆ ಸೋಕಿದವರ ಮೈ ಉರಿದು ಬೊಬ್ಬೆಯೇಳುವುದುಂಟು. ಅದರ ಗುರುತನ್ನು ಹಳ್ಳಿಯ ಮಗುವೂ ಕಲಿತಿರುತ್ತದೆ.

ಇನ್ನು ಮುರುಗಲು ಮತ್ತು ಉಪ್ಪಾಗೆ. ಎರಡೂ ಗಾರ್ಸೀನಿಯ ಕುಲಕ್ಕೆ ಸೇರಿದುವು. ಎರಡಕ್ಕೂ ಎದುರುಬದಿರಾಗಿ ಜೋಡಿಸಿದ ದಪ್ಪ ಎಲೆಗಳು, ಗಾಯವಾದೆಡೆ ಒಸರುವ ಹಳದಿ ಹಾಲು. ಹಣ್ಣು ಸಿಕ್ಕಿದರೆ ಸಂದೇಹಕ್ಕೆ ಎಡೆಯಿಲ್ಲ: ಮುರುಗಲದ್ದು ನುಣುಪಾದ ಗುಂಡು ಹಣ್ಣು, ಮಾಗಿದಾಗ ಕಡುಗೆಂಪು, ಉಪ್ಪಾಗೆಯದು ಕುಂಬಳದಂತೆ ತೊಳೆತೊಳೆಯಾಗಿ ಗೀರುಗಳುಳ್ಳ ಹಳದಿ ಹಣ್ಣು. ಮೊದಲನೆಯದರ ಸಿಪ್ಪೆ ಪಾನಕಕ್ಕೆ, ಸಾರಿಗೆ. ಎರಡನೆಯದರ ಬೀಜದಿಂದ ತೆಗೆದ ತುಪ್ಪ ಘಟ್ಟದ ಮನೆಗಳ ಅಡಿಗೆಗೆ. ಆದರೆ ಈ ಕುಲದಲ್ಲಿ ಗಂಡು ಹೂವಿನ ಮರ ಬೇರೆ, ಹೆಣ್ಣು ಹೂವಿನ ಮರ ಬೇರೆ ಇರುವುದು ಸಾಮಾನ್ಯ. ಗಂಡುಮರದ ಕೆಳಗೆ ನಿಂತು ಎಷ್ಟು ತಿಂಗಳು ಕಾದರೂ ಹಣ್ಣು ಬೀಳದು. ಅಂಥ ಮರದ ಒಂದೇ ಎಲೆಯ ಚಿತ್ರವನ್ನು ಯಂತ್ರಕ್ಕೆ ತೋರಿಸಿ ಪ್ರಭೇದವನ್ನು ಕೇಳುವುದು ನ್ಯಾಯವಲ್ಲ. ಯಂತ್ರ ಹೇಳಿದರೂ ನಂಬುವುದು ವಿವೇಕವಲ್ಲ. ‘ಗಾರ್ಸೀನಿಯ, ಹಣ್ಣು ಕಂಡಿಲ್ಲ’ ಎಂದು ಬರೆದವನಿಗೆ ನಾನಾದರೆ ಪೂರ್ಣಾಂಕ ಕೊಡುತ್ತೇನೆ. ಇದು ಬರಿಯ ಪಾಠದ ಮಾತಲ್ಲ. ಉಪ್ಪಾಗೆಯ ಸಿಪ್ಪೆಯಲ್ಲಿರುವ ಆಮ್ಲವೊಂದು ಬೊಜ್ಜು ಕರಗಿಸುತ್ತದೆಂಬ ನಂಬಿಕೆಯಿಂದ 1990ರ ದಶಕದಲ್ಲಿ ಅದಕ್ಕೆ ವಿದೇಶಗಳಲ್ಲಿ ಬೇಡಿಕೆ ಹುಟ್ಟಿ, ಇಲ್ಲಿಯ ಕಾಡುಗಳಲ್ಲಿ ಕೊಯ್ಲಿನ ಆತುರಕ್ಕೆ ಕೊಂಬೆಗಳನ್ನೇ ಕಡಿಯುವವರೆಗೆ ಹೋಯಿತು. ಎಷ್ಟು ಮರಗಳಿವೆ, ಅವುಗಳಲ್ಲಿ ಹೆಣ್ಣೆಷ್ಟು ಎಂದು ಗೊತ್ತಿಲ್ಲದೆ ಇಂತಿಷ್ಟೇ ಕೊಯ್ಯಬೇಕೆಂದು ಯಾರು ವಿಧಿಸಬಲ್ಲರು?

ಯಂತ್ರದ ವಿಷಯದಲ್ಲಿ ನ್ಯಾಯವಾಗಿ ಮಾತನಾಡಬೇಕು. ಅದು ಮಾಯಾವಿಯಲ್ಲ, ಮೋಸಗಾರನೂ ಅಲ್ಲ. ಜನರು ಕಳುಹಿಸಿದ ಲಕ್ಷಾಂತರ ಚಿತ್ರಗಳನ್ನೂ ಅವಕ್ಕೆ ಕೊಟ್ಟ ಹೆಸರುಗಳನ್ನೂ ಹೋಲಿಸಿ ಕಲಿತಿರುವ ಅದು, ಹೊಸ ಚಿತ್ರವೊಂದು ಬಂದಾಗ ತಾನು ಕಂಡವುಗಳಲ್ಲಿ ಇದಕ್ಕೆ ಅತ್ಯಂತ ಸಮೀಪವಾದುದನ್ನು ಸೂಚಿಸುತ್ತದೆ. ಚಿತ್ರಗಳಲ್ಲಿ ಬಹುಪಾಲು ಯುರೋಪು, ಅಮೆರಿಕಗಳಿಂದ ಬಂದಿರುವುದರಿಂದ ಘಟ್ಟದ ಅಪರೂಪದ ಗಿಡವು ಅದರ ನೆನಪಿನಲ್ಲಿ ಇಲ್ಲದೆಯೇ ಇರಬಹುದು. ಆಗ ಇದ್ದುದರಲ್ಲಿ ಹತ್ತಿರದ ಹೆಸರು ಬರುತ್ತದೆ. 2008ರಲ್ಲಿ ಆರಂಭವಾದ ಐನ್ಯಾಚುರಲಿಸ್ಟ್ ಎಂಬ ಜಾಲದಲ್ಲಿ ಕುಲದ ಮಟ್ಟದಲ್ಲಿಯೇ ನಿಲ್ಲಲು ಅವಕಾಶವಿದೆ, ಬಲ್ಲವರು ತಿದ್ದುವ ಏರ್ಪಾಟೂ ಇದೆ. ಅವಕಾಶವನ್ನು ಬಳಸದಿರುವುದು ನಮ್ಮ ಅವಸರ. ಅಲ್ಲದೆ ಚಿತ್ರವೆಂಬುದು ಬೆಳಕಿನ ದಾಖಲೆ ಮಾತ್ರ. ಸೊನೆಯ ಬಣ್ಣ, ಎಲೆ ಹೊಸಕಿದಾಗಿನ ವಾಸನೆ, ಕಪ್ಪೆಯ ಕೂಗು, ಹಾರುವ ದೊಡ್ಡ ಮಂಗಟ್ಟೆಯ ರೆಕ್ಕೆಯ ಭೋರಾಟ, ಇವು ಅದರಲ್ಲಿ ಇಲ್ಲ.

ಹಳೆಯ ಗ್ರಂಥಗಳ ರೀತಿ ಬೇರೆ. 1778ರಲ್ಲಿ ಫ್ರಾನ್ಸಿನ ಲಾಮಾರ್ಕ್ ತನ್ನ ದೇಶದ ಸಸ್ಯಗಳನ್ನು ಕುರಿತ ಪುಸ್ತಕದಲ್ಲಿ ಬಳಸಿದ ಕೀಲಿಕೈಯ ಕ್ರಮವು ಇಂದಿಗೂ ಬಳಕೆಯಲ್ಲಿದೆ. ಎಲೆಗಳು ಎದುರುಬದಿರೋ, ಪರ್ಯಾಯವೋ? ಸರಳವೋ, ಸಂಯುಕ್ತವೋ? ಹೀಗೆ ಪ್ರತಿ ಹೆಜ್ಜೆಯಲ್ಲಿ ಎರಡು ದಾರಿ, ಒಂದನ್ನು ಆರಿಸಬೇಕು. ಪ್ರತಿಯೊಂದು ಪ್ರಶ್ನೆಯೂ ಉಳಿದ ಸಾಧ್ಯತೆಗಳನ್ನು ಅರ್ಧಕ್ಕಿಳಿಸುವುದಾದರೆ 10 ಪ್ರಶ್ನೆಗಳಿಂದ 1,024 ಗಿಡಗಳನ್ನೂ, 20 ಪ್ರಶ್ನೆಗಳಿಂದ ಹತ್ತು ಲಕ್ಷಕ್ಕೂ ಹೆಚ್ಚಿನವನ್ನೂ ಬೇರ್ಪಡಿಸಬಹುದು. ಮೊದಲ ಕವಲಿನಲ್ಲಿ ತಪ್ಪಿದರೆ ಕಡೆಯವರೆಗೂ ತಪ್ಪೇ ಎಂಬುದು ಇದರ ದೋಷ. ಆದರೆ ಎಲ್ಲಿ ತಪ್ಪಿತೆಂದು ಹಿಂದಿರುಗಿ ಹುಡುಕಬಹುದು. ಏಕೆಂದರೆ ಪ್ರತಿ ಹೆಜ್ಜೆಗೂ ಕಾರಣವಿದೆ. ಯಂತ್ರವು ಕಾರಣವನ್ನು ಹೇಳುವುದಿಲ್ಲ. ನನಗೆ ದೊಡ್ಡದಾಗಿ ಕಾಣುವ ಭೇದ ಇದೇ.

ಎಲ್ಲ ಹೆಸರುಗಳೂ ಪುಸ್ತಕದಲ್ಲಿವೆಯೆಂಬ ಭ್ರಮೆಯನ್ನು ಸಿದ್ದಾಪುರ ತಾಲೂಕಿನ ಕತ್ತಲೆಕಾನು ಒಡೆದುಹಾಕಿದೆ. ಹೆಸರಿಗೆ ತಕ್ಕಂತೆ ಬಿಸಿಲು ನೆಲಕ್ಕಿಳಿಯದ ಈ ಕಾನಿನಲ್ಲಿ ಸಿಹಿನೀರಿನ ಜೌಗುಗಳಿವೆ; ಅವುಗಳಲ್ಲಿ ಜಾಯಿಕಾಯಿಯ ಬಂಧುಗಳಾದ ಪುರಾತನ ವೃಕ್ಷಗಳು ನಿಂತಿವೆ. ಒಂದು ಮರ ಊರುಗೋಲುಗಳಂತಹ ಬೇರುಗಳ ಮೇಲೆ ನಿಲ್ಲುತ್ತದೆ. ಇನ್ನೊಂದರ ಬೇರುಗಳು ಕೆಸರಿನಿಂದ ಮೇಲೆದ್ದು, ಮಡಿಚಿದ ಮೊಣಕಾಲಿನಂತೆ ಬಾಗಿ ಮತ್ತೆ ಕೆಸರಿಗಿಳಿಯುತ್ತವೆ. ಆಮ್ಲಜನಕವು ನೀರಿನಲ್ಲಿ ಗಾಳಿಯಲ್ಲಿರುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುವುದರಿಂದ, ನೀರು ತುಂಬಿದ ನೆಲದ ಬೇರುಗಳು ಉಸಿರಿಗಾಗಿ ಹೊರಗೆ ಬರಲೇಬೇಕು. ಇಂಥ ಜೌಗಿನಿಂದ ಸೆಮೆಕಾರ್ಪಸ್ ಕುಲದ, ಎಂದರೆ ಗೇರಿನ ಬಳಗದ, ಎತ್ತರವಾದ ಮರವೊಂದನ್ನು ದಾಸಪ್ಪ ಮತ್ತು ಸ್ವಾಮಿನಾಥ್ ಎಂಬ ವಿದ್ವಾಂಸರು 2000ದಲ್ಲಿ ಹೊಸ ಪ್ರಭೇದವೆಂದು ವರ್ಣಿಸಿ, ಕಾನಿನ ಹೆಸರನ್ನೇ ಅದಕ್ಕಿಟ್ಟರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಹುಲ್ಲೋ ಹಾವಸೆಯೋ ಅಲ್ಲ, ತಲೆಯೆತ್ತಿ ನೋಡಬೇಕಾದ ಮರ! ಟಾಲ್ಬಟ್ಟರ ಗ್ರಂಥ ಬಂದು ಸುಮಾರು ತೊಂಬತ್ತು ವರ್ಷಗಳಾದ ಮೇಲೆ ಅದಕ್ಕೊಂದು ಹೆಸರು ದೊರೆಯಿತು. 2008ರಲ್ಲಿ, ಅತ್ಯಂತ ಅಪಾಯದಲ್ಲಿರುವ ಎರಡು ವೃಕ್ಷಗಳು, ಮಧುಕ ಬೋರ್ಡಿಲ್ಲೊನೈ ಮತ್ತು ಸಿಜೀಜಿಯಮ್ ತಿರುವಾಂಕೂರಿಕಮ್, ಎಂದರೆ ದಕ್ಷಿಣದ ಕೇರಳಕ್ಕೆ ಸೇರಿದುವೆಂದು ತಿಳಿದಿದ್ದವು, ಇದೇ ಜಿಲ್ಲೆಯ ಕಾಡಿನಲ್ಲಿ ಇರುವುದು ವರದಿಯಾಯಿತು.

ಈ ಮರಗಳ ಕೆಳಗೆ ಹಿಂದೆಯೂ ಜನ ನಡೆದಾಡಿದ್ದಾರೆ. ನೋಡಿದವರಲ್ಲಿ ಯಾರಾದರೂ ಅವಸರದಿಂದ ‘ಇದೂ ಒಂದು ಗೇರು’ ಎಂದು ಪರಿಚಿತ ಪ್ರಭೇದದ ಹೆಸರನ್ನು ಬರೆದುಕೊಂಡರೆ, ಆ ಪಟ್ಟಿಯಲ್ಲಿ ಹೊಸ ಮರಕ್ಕೆ ಸ್ಥಳವೇ ಇಲ್ಲ. ‘ಸೆಮೆಕಾರ್ಪಸ್, ಪ್ರಭೇದ ತಿಳಿಯದು’ ಎಂದು ಬರೆದಿದ್ದರೆ, ಮುಂದೊಬ್ಬರು ಬಂದು ಆ ಖಾಲಿ ಸ್ಥಾನದ ಮೇಲೆ ಬೆರಳಿಟ್ಟು ವಿಚಾರಿಸುತ್ತಾರೆ. ಶೋಧನೆಗಳು ಹುಟ್ಟುವುದು ಪ್ರಾಮಾಣಿಕವಾಗಿ ಖಾಲಿ ಬಿಟ್ಟ ಸ್ಥಾನಗಳಿಂದ.

ಹಾವುಗಳ ವಿಷಯಕ್ಕೆ ಬಂದರೆ ತಪ್ಪಿಗೆ ತೆರಬೇಕಾದ ಬೆಲೆ ಇನ್ನೂ ಹೆಚ್ಚು. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಪ್ರತಿವಿಷವನ್ನು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ ತಯಾರಿಸುತ್ತಾರೆ. ಘಟ್ಟದ ಕಾಡಿನಲ್ಲಿಯೂ ಅಂಚಿನ ತೋಟಗಳಲ್ಲಿಯೂ ಎಲೆಕಸದ ನಡುವೆ ಸಣ್ಣದೊಂದು ಹಾವಿದೆ. ಮೂತಿಯ ತುದಿ ಮೇಲಕ್ಕೆ ಉಬ್ಬಿರುವುದರಿಂದ ಅದನ್ನು ಉಬ್ಬುಮೂಗಿನ ಗುಳಿಮಂಡಲ ಎನ್ನೋಣ. ಇದರ ವಿಷಕ್ಕೆ ಆ ಮದ್ದು ನಾಟುವುದಿಲ್ಲ. ಕೇರಳದಲ್ಲಿ ಈ ಹಾವಿನಿಂದ ಕಚ್ಚಿಸಿಕೊಂಡು ಪ್ರಾಣಾಪಾಯಕ್ಕೆ ಒಳಗಾದವರನ್ನು ಕುರಿತ ವೈದ್ಯಕೀಯ ವರದಿಯೊಂದು 2007ರಲ್ಲಿ ಪ್ರಕಟವಾಯಿತು. ಕೊಂದು ತಂದ ಹಾವನ್ನು ಅಲ್ಲಿ ಗರಗಸಮಂಡಲವೆಂದು ಭಾವಿಸಲಾಗಿತ್ತು. ಕೊಟ್ಟ ಪ್ರತಿವಿಷದಿಂದ ಗುಣ ಕಾಣಲಿಲ್ಲ.

ಎರಡಕ್ಕೂ ಇರುವ ಭೇದ ಬಣ್ಣದಲ್ಲಿಲ್ಲ. ಎರಡೂ ಕಂದು, ಎರಡೂ ಗಿಡ್ಡ. ಗುಳಿಮಂಡಲದ ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದು ಸಣ್ಣ ಕುಳಿಯಿದೆ. ಅದರೊಳಗೆ ಚಾಚಿದ ತೆಳುಪೊರೆಯು ಇಲಿಯ ಮೈಯಿಂದ ಹೊರಡುವ ರಕ್ತಾತೀತ, ಎಂದರೆ ಕೆಂಪಿನಾಚೆಯ, ಕಣ್ಣಿಗೆ ಕಾಣದ ಕಿರಣಗಳಿಂದ ಅತ್ಯಲ್ಪವಾಗಿ ಬಿಸಿಯಾಗುತ್ತದೆ. ಕತ್ತಲೆಯಲ್ಲಿ ಹಾವಿಗೆ ಅದೇ ಇನ್ನೊಂದು ಕಣ್ಣು. ಗರಗಸಮಂಡಲಕ್ಕೆ ಈ ಕುಳಿಯಿಲ್ಲ. ಅದರ ಪಕ್ಕೆಯ ಹುರುಪೆಗಳು ಗರಗಸದ ಹಲ್ಲಿನಂತಿವೆ. ಸ್ಥಳವೂ ಸಾಕ್ಷಿ ಹೇಳುತ್ತದೆ. ಗರಗಸಮಂಡಲ ಒಣನೆಲದ ಪ್ರಾಣಿ. ದಟ್ಟವಾದ ಮಳೆಕಾಡಿನ ತೇವದ ಎಲೆಕಸದಲ್ಲಿ ಅದು ಕಂಡಿತೆಂದರೆ ಎರಡನೆಯ ಬಾರಿ ಯೋಚಿಸಬೇಕು. ಬಣ್ಣವನ್ನೇ ನೆಚ್ಚಿದವರಿಗೆ ಮಲಬಾರ್ ಗುಳಿಮಂಡಲ ಚೆನ್ನಾಗಿ ಬುದ್ಧಿ ಕಲಿಸುತ್ತದೆ: ಒಂದೇ ಪ್ರಭೇದದಲ್ಲಿ ಹಸಿರು, ಹಳದಿ, ಕಂದು ಹಾವುಗಳಿವೆ. ದಾಂಡೇಲಿಯ ಕರಿಚಿರತೆಯೂ ಹಾಗೆಯೇ. ಅದು ಬೇರೆ ಮೃಗವಲ್ಲ, ಕಪ್ಪು ಹೆಚ್ಚಾದ ಚಿರತೆ. ರಕ್ತಾತೀತ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಅದರ ಮೈಯ ಚುಕ್ಕೆಗಳು ಎದ್ದು ಕಾಣುತ್ತವೆ.

ಇಲ್ಲಿ ತಪ್ಪರ್ಥಕ್ಕೆ ಎಡೆಯಾಗಬಾರದು. ಹಾವು ಕಚ್ಚಿದವರು ಅದರ ಮೂಗಿನ ಕುಳಿಯನ್ನು ಹುಡುಕುತ್ತ ಕೂಡಬೇಕೆಂದಾಗಲಿ ಅದನ್ನು ಹಿಡಿಯಲು ಹೋಗಬೇಕೆಂದಾಗಲಿ ನಾನು ಹೇಳುತ್ತಿಲ್ಲ. ತಡಮಾಡದೆ ಆಸ್ಪತ್ರೆಗೆ ಹೋಗುವುದೊಂದೇ ಕರ್ತವ್ಯ. ಅಲ್ಲಿ ವೈದ್ಯರು ರೋಗಿಯ ರಕ್ತ ಇಪ್ಪತ್ತು ನಿಮಿಷಗಳಲ್ಲಿ ಹೆಪ್ಪುಗಟ್ಟುವುದೋ ಇಲ್ಲವೋ ಎಂದು ಗಾಜಿನ ನಳಿಗೆಯಲ್ಲಿ ನೋಡಿ, ಲಕ್ಷಣಗಳನ್ನು ಅನುಸರಿಸಿ ಮುಂದುವರಿಯುತ್ತಾರೆ. ನಾನು ಆಕ್ಷೇಪಿಸುವುದು ದೂರದಿಂದ ತೆಗೆದ ಮಸುಕು ಚಿತ್ರವನ್ನು ನೋಡಿ ‘ಇದು ಇಂಥದೇ ಹಾವು, ವಿಷವಿಲ್ಲ, ಹೆದರಬೇಡಿ’ ಎಂದು ಮೂರು ಅಂಕಿಯ ಉತ್ತರ ಕೊಡುವ ಧೈರ್ಯವನ್ನು. ತೋಳಹಾವು ನಿರಪಾಯಕಾರಿ, ಕಟ್ಟುಹಾವು ಪ್ರಾಣಾಂತಕ. ಎರಡಕ್ಕೂ ಮೈಮೇಲೆ ಪಟ್ಟೆಗಳಿವೆ. ಕಟ್ಟುಹಾವಿನ ಬೆನ್ನಿನ ನಡುಸಾಲಿನ ಹುರುಪೆಗಳು ಷಟ್ಕೋನವಾಗಿ ದೊಡ್ಡದಾಗಿರುತ್ತವೆ, ಪಟ್ಟೆಗಳು ತಲೆಯ ಬಳಿ ಮಾಸಿ ಬಾಲದ ಕಡೆಗೆ ಸ್ಪಷ್ಟವಾಗುತ್ತವೆ; ತೋಳಹಾವಿನಲ್ಲಿ ಪಟ್ಟೆಗಳು ಕತ್ತಿನ ಬಳಿ ಸ್ಪಷ್ಟ, ಬಾಲದ ಕಡೆಗೆ ಮಸುಕು. ಚಿತ್ರದಲ್ಲಿ ಇವು ಕಾಣದಿದ್ದರೆ ಹೇಳಬಹುದಾದ ಮಾತು ‘ಹಾವು’ ಎಂಬುದಷ್ಟೇ.

ಋತುಮಾನದ ಪ್ರಶ್ನೆಯೂ ಇದರೊಂದಿಗೆ ಸೇರಿಕೊಂಡಿದೆ. 2014ರಲ್ಲಿ ಗುರುರಾಜ ಮತ್ತು ಸಂಗಡಿಗರು ಉತ್ತರ ಕನ್ನಡದ ತೊರೆಗಳಿಂದ ವರ್ಣಿಸಿದ ಇರುಳುಗಪ್ಪೆಯೊಂದಕ್ಕೆ ‘ಕುಂಬಾರ’ ಎಂದೇ ಹೆಸರಿಟ್ಟರು. ಗಂಡುಕಪ್ಪೆಯು ಮುಂಗೈಯಿಂದ ಮಣ್ಣೆತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ. ಅದರ ಕೂಗನ್ನು ಕೇಳಬೇಕಾದರೆ, ಮಣ್ಣು ಮೆತ್ತುವುದನ್ನು ನೋಡಬೇಕಾದರೆ ಮಳೆಯಲ್ಲಿ, ರಾತ್ರಿಯಲ್ಲಿ, ತೊರೆಯ ಪಕ್ಕದಲ್ಲಿ ಕುಳಿತಿರಬೇಕು. ಆದರೆ ಅಣೆಕಟ್ಟು, ರಸ್ತೆಗಳಿಗೆ ಮುಂಚಿತವಾಗಿ ಪರಿಸರದ ಮೇಲಾಗುವ ಪರಿಣಾಮವನ್ನು ಪರಿಶೀಲಿಸಬೇಕೆಂಬ ವಿಧಿ 1994ರಲ್ಲಿ ಬಂದು, 2006ರಲ್ಲಿ ಹೊಸ ರೂಪ ಪಡೆದಾಗಿನಿಂದಲೂ, ಮಳೆಗಾಲವನ್ನು ಬಿಟ್ಟು ಉಳಿದ ಒಂದು ಋತುವಿನ ಮಾಹಿತಿಯಿಂದ ತೃಪ್ತರಾಗುವುದು ಸಾಮಾನ್ಯವಾಗಿ ನಡೆದುಬಂದಿದೆ. ಧೂಳಿನ, ಹೊಗೆಯ ಅಳತೆಗೆ ಅದು ಸರಿಯಿರಬಹುದು. ಮಳೆಯಿಂದ ಕೊಚ್ಚಿಹೋಗದ ಧೂಳನ್ನು ಅಳೆಯುವುದರಲ್ಲಿ ಅರ್ಥವಿದೆ. ಜೀವಿಗಳ ಎಣಿಕೆಗೆ ಘಟ್ಟದ ಕಾಡಿನಲ್ಲಿ ಇದಕ್ಕಿಂತ ಅಸಂಗತವಾದ ಕ್ರಮ ಬೇರೆಯಿಲ್ಲ. ಮಳೆಗಾಲದಲ್ಲಿ ಮಾತ್ರ ಬಾಯಿಬಿಡುವ ಕಪ್ಪೆ, ಮಳೆಗಾಲದಲ್ಲಿ ಮಾತ್ರ ನೆಲದಿಂದೇಳುವ ಸೀತಾಳೆ, ಇವು ಪಟ್ಟಿಯಿಂದ ತಪ್ಪಿಹೋಗುತ್ತವೆ. ಪಟ್ಟಿಯಲ್ಲಿ ಇಲ್ಲದುದು ಕಾಡಿನಲ್ಲಿಯೂ ಇಲ್ಲವೆಂದು ಕಡತ ಓದುವವರು ತಿಳಿಯುತ್ತಾರೆ. ಇಂಥ ವರದಿಗಳಲ್ಲಿ ಪುಟಗಟ್ಟಲೆ ಲ್ಯಾಟಿನ್ ಹೆಸರುಗಳಿದ್ದು, ಒಂದೊಂದನ್ನು ಯಾರು, ಯಾವ ದಿನ, ಯಾವ ಲಕ್ಷಣದಿಂದ ಗುರುತಿಸಿದರೆಂಬ ಮಾತಿಲ್ಲದಿದ್ದರೆ, ಆ ಪುಟಗಳಿಗೂ 121.4378 ಎಂಬ ಅಂಕಿಗೂ ಭೇದವೇನು? ಕಡಿದ ಮೇಲೆ ಪಟ್ಟಿಯನ್ನು ಪರೀಕ್ಷಿಸಲು ಕಾಡು ಇರುವುದಿಲ್ಲ.

ನನ್ನ ಸಲಹೆ ಸಾಧಾರಣವಾದುದು, ಖರ್ಚಿಲ್ಲದುದು. ಕಾಲೇಜುಗಳಿಂದ ಕಾಡಿಗೆ ಹೋಗುವ ವಿದ್ಯಾರ್ಥಿಗಳ ಪುಸ್ತಕದಲ್ಲಿ ಹೆಸರಿನ ಕಲಮಿನ ಪಕ್ಕದಲ್ಲಿ ಇನ್ನೆರಡು ಕಲಮುಗಳಿರಲಿ: ಕಂಡ ಲಕ್ಷಣಗಳು, ಕಾಣದೆಹೋದ ಲಕ್ಷಣಗಳು. ಫೋನು ಹೆಸರು ಸೂಚಿಸಿದ್ದರೆ ಅದನ್ನೂ ಬರೆಯಲಿ, ಫೋನಿನದೆಂದು ಬರೆಯಲಿ. ಊರಿನವರು ಹೇಳಿದ ಹೆಸರನ್ನು ಊರಿನೊಡನೆ ಬರೆಯಲಿ. ಒಂದು ಎಲೆಯ ಬದಲು ರೆಂಬೆ, ಎಲೆಯ ಹಿಂಬದಿ, ತೊಗಟೆ, ಉದುರಿದ ಹೂಕಾಯಿಗಳ ಚಿತ್ರಗಳನ್ನು ತೆಗೆಯಲಿ. ಅದೇ ಮರವನ್ನು ಬೇರೆ ಋತುವಿನಲ್ಲಿ ಮತ್ತೆ ಹೋಗಿ ನೋಡಲಿ. ಪರೀಕ್ಷಕರು ಪ್ರಭೇದದ ಹೆಸರಿಗೆ ಕೊಡುವ ಅಂಕವನ್ನು ತಗ್ಗಿಸಿ ಕಾರಣಗಳಿಗೆ ಕೊಡುವುದನ್ನು ಹೆಚ್ಚಿಸಲಿ. ಪರಿಸರ ವರದಿಗಳನ್ನು ಅಂಗೀಕರಿಸುವ ಸಮಿತಿಗಳೂ ಇದೇ ಕಲಮುಗಳನ್ನು ಕೇಳುವಂತಾದರೆ, ಅರ್ಧದಷ್ಟು ಹೆಸರುಗಳು ಪಟ್ಟಿಯಿಂದ ತಾವಾಗಿಯೇ ಜಾರಿಬಿದ್ದರೂ ನನಗೆ ಆಶ್ಚರ್ಯವಿಲ್ಲ. ಅಂಥ ಪುಸ್ತಕದ ಒಂದು ಸಾಲು ಹೀಗಿರಬಹುದು: ‘ಹೊಳಗೇರು (ಸಿದ್ದಾಪುರದ ಕಡೆಯ ಹೆಸರು). ಎಲೆತೊಟ್ಟಿನಲ್ಲಿ ಮೆದುವಾದ ಎರಡು ಸಣ್ಣ ಕೊಂಬುಗಳಿವೆ. ಒಸರಿ ಒಣಗಿದ ಸೊನೆ ಕಪ್ಪು, ಮುಟ್ಟಲಿಲ್ಲ. ಹೂ, ಕಾಯಿ ಇಲ್ಲ. ಹೊಲಿಗಾರ್ನ ಕುಲ, ಪ್ರಭೇದ ತಿಳಿಯದು. ಹೂ ಬಿಟ್ಟಾಗ ಬರಬೇಕು.’